ಮನೆಯಲ್ಲೇ ಆರೈಕೆ: ಬಣಕಲ್‌ನ ಖರ್ಚಿನ ಲೆಕ್ಕ

ಮನೆ ಆರೈಕೆಯ ವೆಚ್ಚವು ರೋಗದ ಹೆಸರಿಗಿಂತ ಅಗತ್ಯದ ಬಗೆಯನ್ನು ಅವಲಂಬಿಸಿದ್ದು, ಗಾಯದ ಡ್ರೆಸ್ಸಿಂಗ್, ಫಿಸಿಯೋಥೆರಪಿಗಳಿಗೆ ಭೇಟಿಯ ಲೆಕ್ಕದಲ್ಲೂ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲೂ ಹಣ ಕೊಡಬೇಕಾಗುತ್ತದೆ. ಬಣಕಲ್ ಸುತ್ತಲಿನ ಒಂಟಿ ತೋಟದ ಮನೆಗಳಿಗಾದರೆ, ಮೂಡಿಗೆರೆಯಿಂದ ನರ್ಸ್ ಬಂದುಹೋಗುವ ಬಾಡಿಗೆಯೂ ಸೇರುತ್ತದೆ. ಸುಲಭವಾಗಿ ಲೆಕ್ಕಕ್ಕೆ ಸಿಗದ ಖರ್ಚು ಕರೆಂಟಿನದು: ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವಾದ ಕಾನ್ಸೆಂಟ್ರೇಟರ್ 350 ವ್ಯಾಟ್‌ನದಾಗಿದ್ದು ಹಗಲಿರುಳು ನಡೆದರೆ, ದಿನಕ್ಕೆ 8 ಯೂನಿಟ್‌ಗೂ ಹೆಚ್ಚು, ತಿಂಗಳಿಗೆ ಸುಮಾರು 250 ಯೂನಿಟ್ ಬಳಸುವುದರಿಂದ, 200 ಯೂನಿಟ್ ಮಿತಿಯ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಆ ತಿಂಗಳು ಕೈತಪ್ಪಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ (ಮಲೆನಾಡಿಗೆ ಇದು ಹೊಸತೇನಲ್ಲ) ಆಮ್ಲಜನಕದ ಸಿಲಿಂಡರ್ ಬೇರೆ ಬೇಕು. ಯಂತ್ರವನ್ನು ಬಾಡಿಗೆಗೆ ತರುವ ಮುನ್ನ ಅದರ ವ್ಯಾಟ್ ಎಷ್ಟೆಂದು ಕೇಳಿಕೊಳ್ಳುವುದು ಒಳಿತು.