ಎಲ್ಲವೂ ಪೈಲ್ಸ್ ಅಲ್ಲ

ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನಂಬಿದ್ರೆ, ಕೂರೋಕಾಗದ ನೋವಿಗೆಲ್ಲ ಒಂದೇ ಹೆಸರು: ಪೈಲ್ಸ್. ಆದ್ರೆ ಗುದದ್ವಾರದ ಪಕ್ಕ ಗುಳ್ಳೆ ಎದ್ದು, ಒಡೆದು, ವಾಸಿಯಾಯ್ತು ಅನ್ನೋಷ್ಟರಲ್ಲಿ ಮತ್ತೆ ಅಲ್ಲೇ ಕೀವು ಒಸರ್ತಿದ್ರೆ? ಅದು ಫಿಸ್ಟುಲಾ ಇರಬಹುದು, ಅಂದ್ರೆ ಭಗಂದರ. ಗುದನಾಳದಿಂದ ಹೊರಚರ್ಮದವರೆಗೆ ಇಲಿಬಿಲದ ಹಾಗೆ ಕೊರೆದುಕೊಂಡ ದಾರಿ.

ಹೆಚ್ಚಿನವರಲ್ಲಿ ಇದು ಅಲ್ಲಿನ ಸಣ್ಣ ಗ್ರಂಥಿಯ ಸೋಂಕಿನಿಂದ ಶುರು. ಆದ್ರೆ ಬಿಲಕ್ಕೆ ಎರಡು ಮೂರು ಬಾಯಿ, ಜೊತೆಗೆ ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು, ತೂಕ ಇಳಿತ ಇದ್ರೆ ಕ್ರೋನ್ಸ್ ಕಾಯಿಲೆಯ, ಅಂದ್ರೆ ಕರುಳಿನ ದೀರ್ಘಕಾಲದ ಉರಿಯೂತದ, ಅನುಮಾನ ಬರಬೇಕು. ನಮ್ಮ ದೇಶದಲ್ಲಿ ಟಿಬಿಯೂ ಇದೇ ವೇಷ ಹಾಕುತ್ತೆ! ಅದಕ್ಕೇ ಕೊಲೊನೊಸ್ಕೋಪಿ, ಬಯಾಪ್ಸಿ. ದಾರಿ ಎಲ್ಲೆಲ್ಲಿ ತಿರುಗಿದೆ ಅಂತ ನೋಡೋಕೆ ಎಂಆರ್‌ಐ.

ಊತ, ಜ್ವರ ಇದ್ರೆ ಮುಲಾಮು ಸಾಲದು. ಸರ್ಜನ್ ಬೇಗ ಕೀವು ಹೊರತೆಗೀಬೇಕು. ಕ್ರೋನ್ಸ್ ಇದ್ದಾಗ ದಾರಿಯನ್ನ ಸೀಳಿಬಿಡೋ ಆತುರ ಅಪಾಯ: ಮಲ ತಡೆಯೋ ಸ್ನಾಯುವಿಗೆ ಪೆಟ್ಟಾಗಬಹುದು, ಗಾಯ ಮಾಯದೇ ಉಳೀಬಹುದು. ಬದಲಿಗೆ ಆ ದಾರಿಗೆ ಸಡಿಲವಾಗಿ ಒಂದು ದಾರ ಪೋಣಿಸಿ, ಕೀವು ಹರಿಯೋಕೆ ಬಿಡ್ತಾರೆ. ಹೆಸರು ಸೀಟಾನ್. ಟಿಬಿ ಇಲ್ಲ ಅಂತ ಖಾತ್ರಿಯಾದ ಮೇಲೆ ಉರಿಯೂತ ತಗ್ಗಿಸೋ ಇನ್‌ಫ್ಲಿಕ್ಸಿಮಾಬ್ ಇಂಜೆಕ್ಷನ್. ಕ್ರೋನ್ಸ್ ಫಿಸ್ಟುಲಾವನ್ನ ಇದು ಮುಚ್ಚಬಲ್ಲದು ಅಂತ 1999ರಲ್ಲಿ ಪ್ರಕಟವಾದ ಪ್ರಯೋಗ ತೋರಿಸ್ತು. ಎಲ್ಲರಲ್ಲೂ ಅಲ್ಲ, ಆದ್ರೆ ಅನೇಕರಲ್ಲಿ.