ಎರಡು ಪದಗಳು ಗೆಲ್ಲಿಸಿದ ಚುನಾವಣೆ

1970ರ ಡಿಸೆಂಬರ್ 27ರಂದು ಲೋಕಸಭೆ ವಿಸರ್ಜನೆಯಾದಾಗ ಅದರ ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಪ್ರಧಾನಿ ಇಂದಿರಾ ಗಾಂಧಿ ಅವರ ಸ್ಥಿತಿ ಆಗ ಭದ್ರವಾಗೇನೂ ಇರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದು ಎರಡಾಗಿತ್ತು. ಎಸ್. ನಿಜಲಿಂಗಪ್ಪ, ಕೆ. ಕಾಮರಾಜ್, ಮೊರಾರ್ಜಿ ದೇಸಾಯಿ ಅವರಂಥ ಹಿರಿಯರು ಎದುರು ಪಾಳೆಯದ ಸಂಸ್ಥಾ ಕಾಂಗ್ರೆಸ್ಸಿನಲ್ಲಿದ್ದರು. ಆಗಿನ ಮೈಸೂರು ರಾಜ್ಯದಲ್ಲಿ ಸರ್ಕಾರವೂ ಅದರದೇ. ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಮತದಾರರಿಗೆ ಚಿರಪರಿಚಿತವಾಗಿದ್ದ ಜೋಡೆತ್ತಿನ ಗುರುತೂ ಎರಡು ಬಣಗಳ ಜಗಳದಲ್ಲಿ ಯಾರಿಗೂ ದಕ್ಕಲಿಲ್ಲ. ಇಂದಿರಾ ಅವರ ಆಡಳಿತ ಕಾಂಗ್ರೆಸ್ಸಿಗೆ ಹಸು-ಕರು, ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ತಿರುಗಿಸುವ ಮಹಿಳೆಯ ಗುರುತು ಸಿಕ್ಕಿತು.

1971ರ ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ 518 ಸ್ಥಾನಗಳಲ್ಲಿ 352 ಆಡಳಿತ ಕಾಂಗ್ರೆಸ್ಸಿನ ಪಾಲಾಗಿದ್ದವು. ಸಂಸ್ಥಾ ಕಾಂಗ್ರೆಸ್ಸಿಗೆ ದೊರೆತದ್ದು 16. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಒಂದನ್ನೂ ಬಿಡದೆ ಇಂದಿರಾ ಅವರ ಪಕ್ಷ ಗೆದ್ದಿತು. ಅದೇ ತಿಂಗಳು ವೀರೇಂದ್ರ ಪಾಟೀಲರ ಸರ್ಕಾರವೂ ಉರುಳಿತು.

ಈ ಗೆಲುವಿಗೆ ಕಾರಣಗಳು ಹಲವು. ಆದರೆ ಆ ಚುನಾವಣೆಯನ್ನು ನೆನೆಯುವವರೆಲ್ಲ ಮೊದಲು ಹೇಳುವುದು ಎರಡೇ ಪದ: 'ಗರೀಬಿ ಹಟಾವೋ', ಅಂದರೆ ಬಡತನ ತೊಲಗಿಸಿ.

ಎದುರಾಳಿಗಳ ಬಳಿ ಘೋಷಣೆ ಇರಲಿಲ್ಲವೆಂದಲ್ಲ. ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ ಮತ್ತು ಸಂಯುಕ್ತ ಸಮಾಜವಾದಿ ಪಕ್ಷ ಕೂಡಿ ಮಾಡಿಕೊಂಡ ಮಹಾಮೈತ್ರಿಯ ಕೂಗು 'ಇಂದಿರಾ ಹಟಾವೋ'. ಅದೂ ಎರಡೇ ಪದ, ಅಷ್ಟೇ ಸರಳ. ಆದರೂ ಅದು ನಾಟಲಿಲ್ಲ. ಸ್ವತಂತ್ರ ಪಕ್ಷಕ್ಕೆ ಖಾಸಗಿ ಉದ್ಯಮಕ್ಕೆ ಮುಕ್ತ ಅವಕಾಶ ಬೇಕಿತ್ತು. ಸಮಾಜವಾದಿಗಳಿಗೆ ಅದರ ತದ್ವಿರುದ್ಧವಾದುದು ಬೇಕಿತ್ತು. ಗೆದ್ದರೆ ಏನು ಮಾಡುತ್ತೇವೆ ಎಂಬುದರಲ್ಲಿ ಒಮ್ಮತವಿಲ್ಲದ ಪಕ್ಷಗಳು ಒಪ್ಪಬಹುದಾಗಿದ್ದುದು ಒಂದೇ ಮಾತು: ಈಕೆಯನ್ನು ಇಳಿಸಬೇಕು. ಅವರು ನನ್ನನ್ನು ತೊಲಗಿಸಿ ಎನ್ನುತ್ತಾರೆ, ನಾನು ಬಡತನವನ್ನು ತೊಲಗಿಸಿ ಎನ್ನುತ್ತೇನೆ ಎಂಬರ್ಥದ ಮಾತನ್ನು ಇಂದಿರಾ ಸಭೆಯಿಂದ ಸಭೆಗೆ ಹೇಳುತ್ತಾ ಹೋದರು. ಒಂದು ಘೋಷಣೆ ನಾಯಕಿಯ ಕುರ್ಚಿಯ ಬಗ್ಗೆ, ಇನ್ನೊಂದು ಮತದಾರನ ಮನೆಯ ಬಗ್ಗೆ ಇತ್ತು.

ಪಕ್ಷವೊಂದಕ್ಕೆ ಹೀಗೆ ಒಂದೇ ಮಾತಿನಲ್ಲಿ ಹೇಳುವ ಸಂದೇಶ ಏಕೆ ಬೇಕು? ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ವಿವರಣೆ ಇದೆ. ತನ್ನ ಒಂದು ಮತದಿಂದಲೇ ಸರ್ಕಾರ ಬದಲಾಗುವುದಿಲ್ಲ ಎಂದು ಮತದಾರ ಬಲ್ಲ. ಆದ್ದರಿಂದ ಎಲ್ಲ ಪಕ್ಷಗಳ ಎಲ್ಲ ನೀತಿಗಳನ್ನೂ ಓದಿ ತಿಳಿಯಲು ಆತ ಸಮಯ ವ್ಯಯಿಸುವುದಿಲ್ಲ. ಇದು ದಡ್ಡತನವಲ್ಲ, ಲೆಕ್ಕಾಚಾರ. ಹತ್ತಾರು ಪುಟಗಳ ಪ್ರಣಾಳಿಕೆಯನ್ನು ಪೂರ್ತಿ ಓದುವವರು ಪತ್ರಕರ್ತರು ಮತ್ತು ಎದುರಾಳಿಗಳು ಮಾತ್ರ. ಉಳಿದವರಿಗೆ ಅದು ತಲುಪುವುದು ಸಂತೆಯಲ್ಲಿ, ಬಸ್ಸಿನಲ್ಲಿ, ಅರಳಿಕಟ್ಟೆಯಲ್ಲಿ, ಬಾಯಿಂದ ಬಾಯಿಗೆ. ಹೀಗೆ ಸಾಗುವಾಗ ವಿವರಗಳು ದಾರಿಯಲ್ಲೇ ಉದುರಿಹೋಗುತ್ತವೆ. 1971ರಲ್ಲಿ ದೇಶದ ಸಾಕ್ಷರತೆ ಸುಮಾರು ಮೂರನೇ ಒಂದು ಭಾಗ ಮಾತ್ರ ಇತ್ತೆಂಬುದನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಸರಳ ಸಂದೇಶದ ಪ್ರಯೋಜನ ಪಕ್ಷದ ಒಳಗೂ ಇದೆ. ನೂರಾರು ಕ್ಷೇತ್ರಗಳ ಅಭ್ಯರ್ಥಿಗಳು, ಸಾವಿರಾರು ಕಾರ್ಯಕರ್ತರು ಒಂದೇ ಮಾತನ್ನು ಹೇಳಬೇಕಾದರೆ ಆ ಮಾತು ಅವರ ನಾಲಿಗೆಯ ಮೇಲೆ ಸುಲಭವಾಗಿ ನಿಲ್ಲಬೇಕು. ಇಲ್ಲದಿದ್ದರೆ ಊರಿಗೊಂದು ಪಕ್ಷವಾಗುತ್ತದೆ.

ಆದರೆ ಪದಗಳು ತಾವಾಗಿಯೇ ಮತ ತರುವುದಿಲ್ಲ. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಮಾಜಿ ರಾಜರ ರಾಜಧನ ರದ್ದುಮಾಡುವ ಯತ್ನ ರಾಜ್ಯಸಭೆಯಲ್ಲಿ, ನಂತರ ಸುಪ್ರೀಂ ಕೋರ್ಟಿನಲ್ಲಿ ಸೋತರೂ ಇಂದಿರಾ ಯಾರ ಪರ ಎಂಬ ಅಭಿಪ್ರಾಯ ಜನರಲ್ಲಿ ಬೇರೂರಿತ್ತು. ಈ ಹಿನ್ನೆಲೆ ಇದ್ದುದರಿಂದಲೇ ಘೋಷಣೆ ನಂಬುವಂತೆ ಕೇಳಿಸಿತು. ಇನ್ನೊಂದು ಮಾತನ್ನೂ ಮರೆಯಬಾರದು. ಗೆದ್ದ ಪಕ್ಷಕ್ಕೆ ಬಿದ್ದ ಮತ ಶೇ 44ಕ್ಕಿಂತ ಸ್ವಲ್ಪ ಕಡಿಮೆ. ಅದನ್ನು ಭಾರೀ ಬಹುಮತವಾಗಿಸಿದ್ದು ನಮ್ಮ ಚುನಾವಣಾ ಪದ್ಧತಿ.

ಸರಳ ಮಾತು ಸಾಲವೂ ಹೌದು. ಮತದಾರ ಅದನ್ನು ಮರೆಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಬೆಲೆಗಳು ಏರಿದವು, ಬಡತನ ಉಳಿಯಿತು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಿತು. 1977ರಲ್ಲಿ ಜನತಾ ಪಕ್ಷ ಮತದಾರರ ಮುಂದಿಟ್ಟ ಪ್ರಶ್ನೆಯೂ ಸರಳವಾದುದೇ: ಪ್ರಜಾಪ್ರಭುತ್ವ ಬೇಕೋ, ಸರ್ವಾಧಿಕಾರ ಬೇಕೋ? ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಂಡಿದ್ದ ಉತ್ತರ ಭಾರತದ ಹಳ್ಳಿಗಳಿಗೆ ಅದು ಬೇಗ ಅರ್ಥವಾಯಿತು. ಕಾಂಗ್ರೆಸ್ 154 ಸ್ಥಾನಗಳಿಗೆ ಇಳಿಯಿತು.

ಕರ್ನಾಟಕದಲ್ಲಿ ಮಾತ್ರ ಅದೇ ಕಾಂಗ್ರೆಸ್ 28ರಲ್ಲಿ 26 ಸ್ಥಾನ ಗೆದ್ದಿತು. ತುರ್ತು ಪರಿಸ್ಥಿತಿಯ ಬಿಸಿ ಇಲ್ಲಿ ಉತ್ತರದಷ್ಟು ತಟ್ಟಿರಲಿಲ್ಲ. ಇನ್ನೊಂದು ಕಾರಣ ಇಲ್ಲಿನ ಮಣ್ಣಿನಲ್ಲೇ ಇತ್ತು. 'ಉಳುವವನೇ ಹೊಲದೊಡೆಯ' ಎಂಬುದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದೊಂದಿಗೆ ಜನರ ನೆನಪಿನಲ್ಲಿ ಬೆಸೆದುಕೊಂಡ ಮಾತು. ಅದೂ ಎರಡೇ ಪದ. ಸಮಾಜವಾದಿಗಳು ಬೆಳೆಸಿದ ಆ ಬೇಡಿಕೆಯನ್ನು ದೇವರಾಜ ಅರಸರ ಸರ್ಕಾರ ಕಾನೂನಾಗಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಗೇಣಿದಾರ ಏಳನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳಬಹುದಾಯಿತು. ಭಾಷಣದ ಮಾತು ರೈತನ ಕೈಯಲ್ಲಿ ಹಿಡಿಯಬಹುದಾದ ಕಾಗದವಾಯಿತು.

2004ರ ಅನುಭವವೂ ಇದನ್ನೇ ಹೇಳುತ್ತದೆ. 'ಭಾರತ ಪ್ರಕಾಶಿಸುತ್ತಿದೆ' ಎಂಬ ಪ್ರಚಾರ ಸರಳವಾಗಿತ್ತು, ಆಕರ್ಷಕವಾಗಿತ್ತು. ತಮ್ಮ ಊರಿಗೆ ಆ ಬೆಳಕು ಬಂದಿಲ್ಲವೆಂದುಕೊಂಡವರಿಗೆ ಅದು ಚುಚ್ಚುಮಾತಿನಂತೆ ಕೇಳಿಸಿತು. ಕೇಂದ್ರದಲ್ಲಿ ಸರ್ಕಾರ ಬದಲಾಯಿತು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 18 ಬಿಜೆಪಿಗೇ ಬಂದವು ಎಂಬುದೂ ನಿಜ. ರಾಜ್ಯದ ಲೆಕ್ಕ ಬೇರೆಯೇ ಇತ್ತು.

ಪಕ್ಷ ಏನು ಮಾಡಹೊರಟಿದೆ ಎಂಬುದನ್ನು ಮತದಾರ ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುವಂತಿರಬೇಕು. ಹಾಗೆ ಹೇಳಿದ ಮಾತೇ ಐದು ವರ್ಷಗಳ ನಂತರ ಪಕ್ಷವನ್ನು ಅಳೆಯುವ ಕೋಲಾಗುತ್ತದೆ. ಉದ್ದನೆಯ ಪ್ರಣಾಳಿಕೆಯ ಹಿಂದೆ ಪಕ್ಷ ಅಡಗಬಹುದು, ಎರಡು ಪದಗಳ ಹಿಂದೆ ಅಡಗುವುದು ಕಷ್ಟ.