ಸೌತೆಕಾಯಿಯ ರಸವೋ, ತಿರುಳೋ?

ಜೂನ್ ತಿಂಗಳ ಮೊದಲಿಗೆ ಶಾಲೆಯ ಬಾಗಿಲು ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಕಾಸರಗೋಡಿನ ಕಡೆ ಹಳೆಯ ನಂಟು. ಅದೇ ಮಳೆಗೆ ಹಿತ್ತಲಲ್ಲಿ ಬೀಜ ಹಾಕಿದ ಮುಳ್ಳುಸೌತೆ ಚಪ್ಪರಕ್ಕೆ ಹಬ್ಬಿ, ಆಟಿ ತಿಂಗಳ ಹೊತ್ತಿಗೆ ಕಾಯಿ ಬಿಡತೊಡಗುತ್ತದೆ. ತುಳುವಿನಲ್ಲಿ ಅದು ತೆಕ್ಕರೆ, ಮಲಯಾಳದ ಅಂಗಡಿಯಲ್ಲಿ ಕಕ್ಕಿರಿ, ಕನ್ನಡದ ಮನೆಯಲ್ಲಿ ಮುಳ್ಳುಸೌತೆ. ಹೆಸರು ಯಾವುದಾದರೂ ಗುಣ ಒಂದೇ: ಬಿಡಲು ಆರಂಭಿಸಿದರೆ ಒಂದೆರಡಕ್ಕೆ ನಿಲ್ಲುವುದಿಲ್ಲ. ಸಳ್ಳಿಯಾಯಿತು, ದೋಸೆಯಾಯಿತು, ಉಪ್ಪು ಮೆಣಸಿನಪುಡಿ ಸವರಿ ಹಸಿಯಾಗಿ ತಿಂದದ್ದೂ ಆಯಿತು. ಬುಟ್ಟಿಯಲ್ಲಿ ಇನ್ನೂ ನಾಲ್ಕು ಕಾಯಿ ಉಳಿದಿರುತ್ತವೆ. ಸಂಜೆ ಶಾಲೆಯಿಂದ ಹಸಿದು ಬಂದ ಮಕ್ಕಳು ಕೇಳುವುದು ಬ್ರೆಡ್ಡನ್ನು. ಸೌತೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಎರಡು ಬ್ರೆಡ್ಡಿನ ನಡುವೆ ಇಟ್ಟುಕೊಟ್ಟರೆ ಮಗು ಕೈಕಾಲು ತೊಳೆದು ಬರುವಷ್ಟರಲ್ಲಿ ಬ್ರೆಡ್ಡು ಒದ್ದೆಯಾಗಿ ಕೈಯಲ್ಲೇ ಹರಿದುಹೋಗುತ್ತದೆ.

ತಪ್ಪು ಬ್ರೆಡ್ಡಿನದಲ್ಲ. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ಬರಿಯ ನೀರು. ಆ ನೀರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಪ್ರಶ್ನೆಗೆ ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಒಬ್ಬ ಮಹಿಳೆ ಬಹಳ ಅಚ್ಚುಕಟ್ಟಾದ ಉತ್ತರವೊಂದನ್ನು ಕಂಡುಕೊಂಡರು. ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದ ಜೆನ್ನಿ ಕಾರ್ಟರ್ ಬೆನೆಡಿಕ್ಟ್ ಎಂಬುದು ಅವರ ಹೆಸರು. ಅವರು ಸಿದ್ಧಪಡಿಸಿದ, ಬೆಣ್ಣೆಯಂತೆ ನುಣುಪಾದ, ಎಳೆಹಸಿರು ಬಣ್ಣದ ಸೌತೆಕಾಯಿ ಸ್ಪ್ರೆಡ್ಡಿಗೆ ಅವರ ಹೆಸರಿನಿಂದಲೇ ಬೆನೆಡಿಕ್ಟೀನ್ ಎಂಬ ಹೆಸರು ಬಂತು. ಫ್ರಾನ್ಸಿನಲ್ಲಿ ಇದೇ ಹೆಸರಿನ ಮದ್ಯವೊಂದಿದೆ. ಮೊಟ್ಟೆಯ ತಿಂಡಿಯೊಂದಕ್ಕೂ ಬೆನೆಡಿಕ್ಟ್ ಎಂಬ ಹೆಸರುಂಟು. ಅವೆರಡಕ್ಕೂ ಇದಕ್ಕೂ ಸಂಬಂಧವಿಲ್ಲ.

ಜೆನ್ನಿ ಬೆನೆಡಿಕ್ಟ್ ಹುಟ್ಟಿದ್ದು 1860ರಲ್ಲಿ. ಹೆಣ್ಣುಮಕ್ಕಳು ಮನೆಯವರಿಗಾಗಿ ಅಡುಗೆ ಮಾಡುವುದು ಸಹಜವೆಂದೂ ಅದೇ ಅಡುಗೆಯನ್ನು ಲೆಕ್ಕವಿಟ್ಟು ಮಾರುವುದು ಅಸಹಜವೆಂದೂ ಭಾವಿಸುತ್ತಿದ್ದ ಕಾಲವದು. 1893ರಲ್ಲಿ ಅವರು ಊರಿನ ಮದುವೆ, ಔತಣ, ಚಹಾಕೂಟಗಳಿಗೆ ತಿಂಡಿ ತಯಾರಿಸಿ ಕೊಡುವ ಅಡುಗೆಮನೆಯನ್ನು ಆರಂಭಿಸಿದರು. ಬಾಸ್ಟನ್ನಿಗೆ ಹೋಗಿ ಫ್ಯಾನಿ ಫಾರ್ಮರ್ ಅವರ ಬಳಿ ಪಾಕಶಿಕ್ಷಣ ಪಡೆದು ಬಂದರು. ಅಡುಗೆಯಲ್ಲಿ ‘ಒಂದು ಹಿಡಿ’, ‘ಒಂದು ಚಿಟಿಕೆ’ ಎಂಬ ಅಂದಾಜನ್ನು ಬಿಟ್ಟು, ಚಮಚವನ್ನು ಮಟ್ಟಸವಾಗಿ ಸವರಿ ಅಳೆಯಬೇಕೆಂದು ಪಟ್ಟುಹಿಡಿದು ಕಲಿಸಿದವರು ಈ ಫ್ಯಾನಿ ಫಾರ್ಮರ್. ಶಿಷ್ಯೆಯ ಪಾಕದಲ್ಲೂ ಆ ಶಿಸ್ತು ಎದ್ದು ಕಾಣುತ್ತದೆ. ಮುಂದೆ ಲೂಯಿವಿಲ್ಲಿನಲ್ಲಿ ಅವರ ಹೆಸರಿನದೇ ಚಹಾಮಂದಿರ ತೆರೆಯಿತು. 1925ರಲ್ಲಿ ವ್ಯಾಪಾರದಿಂದ ನಿವೃತ್ತರಾದ ಅವರು 1928ರಲ್ಲಿ ತೀರಿಕೊಂಡರು. ಅವರ ಸ್ಪ್ರೆಡ್ ಮಾತ್ರ ಊರಿನಲ್ಲಿ ಉಳಿದುಕೊಂಡಿದೆ. ಮೇ ತಿಂಗಳ ಮೊದಲ ಶನಿವಾರ ನಡೆಯುವ ಕೆಂಟಕಿ ಡರ್ಬಿ ಎಂಬ ಪ್ರಸಿದ್ಧ ಕುದುರೆ ಓಟದ ದಿನ ಲೂಯಿವಿಲ್ಲಿನ ಮನೆಗಳ ಔತಣದ ತಟ್ಟೆಗಳಲ್ಲಿ ಇಂದಿಗೂ ಅಂಚು ಕತ್ತರಿಸಿದ ಬೆನೆಡಿಕ್ಟೀನ್ ಸ್ಯಾಂಡ್‌ವಿಚ್ ಇರುತ್ತದೆ.

ಇಲ್ಲೊಂದು ವಿಚಿತ್ರವಿದೆ. ಜೆನ್ನಿಯವರು 1902ರಲ್ಲಿ ‘ಬ್ಲೂ ರಿಬ್ಬನ್ ಕುಕ್ ಬುಕ್’ ಎಂಬ ಪಾಕಗ್ರಂಥವನ್ನು ಪ್ರಕಟಿಸಿದರು. ಅವರ ಹೆಸರನ್ನು ಹೊತ್ತ ಈ ಸ್ಪ್ರೆಡ್ಡಿನ ವಿಧಾನ ಆ ಪುಸ್ತಕದ ಹಳೆಯ ಮುದ್ರಣಗಳಲ್ಲಿ ಇಲ್ಲ! ವ್ಯಾಪಾರದ ಗುಟ್ಟೆಂದು ಬಿಟ್ಟರೋ, ಇಷ್ಟು ಸುಲಭದ್ದನ್ನು ಬರೆಯುವುದೇಕೆಂದು ಬಿಟ್ಟರೋ, ಪುಸ್ತಕ ಬರೆದ ಮೇಲೆ ಮಾಡಿದರೋ, ಊಹೆಗೆ ಬಿಟ್ಟದ್ದು. ಅಂತೂ ಪಾಕ ಉಳಿದದ್ದು ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು. ಕೆಂಟಕಿಯ ವಿಶ್ವವಿದ್ಯಾಲಯ ಮುದ್ರಣಾಲಯವು 2008ರಲ್ಲಿ ಪುಸ್ತಕವನ್ನು ಮರುಮುದ್ರಿಸಿದಾಗ ಹೊಸ ಪ್ರಸ್ತಾವನೆಯಲ್ಲಿ ಬೆನೆಡಿಕ್ಟೀನಿಗೂ ಜಾಗ ದೊರೆಯಿತು. ಅಜ್ಜಿಯ ಕೈಯ ಸಳ್ಳಿಗೆ ಸಾಸಿವೆ ಎಷ್ಟು ಹಾಕುತ್ತಿದ್ದರು ಎಂದು ಯಾರೂ ಬರೆದಿಡದ ಮನೆಗಳಿಗೆ ಈ ಕಥೆ ಅಪರಿಚಿತವೇನಲ್ಲ.

ಜೆನ್ನಿಯವರದೆಂದು ಹೇಳಲಾಗುವ ಅಳತೆ ಇದು. ಮೆತ್ತಗಾಗಿಸಿದ ಕ್ರೀಮ್ ಚೀಸ್ ಎಂಟು ಔನ್ಸ್, ಅಂದರೆ ಸುಮಾರು 225 ಗ್ರಾಂ. ಸೌತೆಕಾಯಿಯ ರಸ ಮೂರು ದೊಡ್ಡ ಚಮಚ. ಈರುಳ್ಳಿಯ ರಸ ಒಂದು ದೊಡ್ಡ ಚಮಚ. ಉಪ್ಪು ಒಂದು ಸಣ್ಣ ಚಮಚ. ಖಾರದ ಮೆಣಸಿನ ಪುಡಿ ಕೆಲವೇ ಕಣ. ಹಸಿರು ಬಣ್ಣ ಎರಡು ತೊಟ್ಟು. ಎಲ್ಲವನ್ನೂ ನುಣ್ಣಗೆ ಕಲಸಿದರೆ ಮುಗಿಯಿತು. ಓದುವಾಗ ಸುಲಭವಾಗಿ ಕಣ್ಣು ಜಾರಿಹೋಗುವ ಒಂದು ಮಾತು ಇದರಲ್ಲಿದೆ. ಜೆನ್ನಿಯವರು ಹಾಕಿದ್ದು ಸೌತೆಯ ತಿರುಳನ್ನಲ್ಲ, ರಸವನ್ನು. ಕಾಯಿಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಹಿಪ್ಪೆಯನ್ನು ಪಕ್ಕಕ್ಕಿಟ್ಟು, ಪರಿಮಳವೆಲ್ಲ ಇಳಿದಿದ್ದ ನೀರನ್ನು ಅಳೆದು ಬಳಸಿದರು. ಈರುಳ್ಳಿಯ ವಿಷಯದಲ್ಲೂ ಹಾಗೆಯೇ. ಹಲ್ಲಿಗೆ ಚೂರು ಸಿಗದೆ ರುಚಿ ಮಾತ್ರ ನಾಲಗೆಗೆ ದೊರೆಯಬೇಕೆಂಬುದು ಉದ್ದೇಶ. ಇಂದಿನ ಅಮೆರಿಕದ ಅಡುಗೆಯವರಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡಿದ್ದಾರೆ: ರಸವನ್ನು ಹಿಂಡಿ ತೆಗೆದು ತಿರುಳನ್ನು ಹಾಕುತ್ತಾರೆ, ಬಣ್ಣದ ತೊಟ್ಟನ್ನೂ ಕೈಬಿಟ್ಟಿದ್ದಾರೆ. ಎರಡೂ ಬಗೆಗಳಿಗೆ ಹೆಸರು ಒಂದೇ.

ನಮ್ಮ ಕಡೆಯ ಅಡುಗೆಮನೆಗೆ ಯಾವುದು ಹೊಂದುತ್ತದೆ? ಉತ್ತರವಿರುವುದು ಸೌತೆಯಲ್ಲಲ್ಲ, ಅದನ್ನು ಹೊರುವ ಚೀಸಿನಲ್ಲಿ. ಕ್ರೀಮ್ ಚೀಸ್ ಎಂಬುದು ಹಾಲು ಮತ್ತು ಕೆನೆಯನ್ನು ಹುಳಿಗಟ್ಟಿಸಿ, ನೀರು ಬಸಿದು ತಯಾರಿಸುವ, ಹಳತು ಮಾಡದ ಮೆದು ಚೀಸು. ಅಮೆರಿಕದ ನಿಯಮದಂತೆ ಅದರಲ್ಲಿ ಕನಿಷ್ಠ ನೂರಕ್ಕೆ 33 ಪಾಲು ಹಾಲಿನ ಕೊಬ್ಬು ಇರಬೇಕು, ನೀರು 55 ಪಾಲನ್ನು ಮೀರಬಾರದು. ಅಷ್ಟು ಕೊಬ್ಬಿರುವ ಗಟ್ಟಿ ಮುದ್ದೆ ಮೂರು ಚಮಚ ರಸವನ್ನು ಸಲೀಸಾಗಿ ಹೀರಿಕೊಂಡು, ಸವರಲು ಹದವಾಗುವಷ್ಟೇ ಸಡಿಲವಾಗುತ್ತದೆ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಈಗ ಅದು ದೊರೆಯುವುದುಂಟಾದರೂ ನಿತ್ಯದ ಸಂಜೆ ತಿಂಡಿಗೆ ಕೊಳ್ಳುವ ಬೆಲೆಯಲ್ಲಿ ಇರುವುದಿಲ್ಲ. ಮನೆಯಲ್ಲಿರುವುದು ಮೊಸರು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ನೋಟಕ್ಕೆ ಕ್ರೀಮ್ ಚೀಸಿನಂಥದೇ ಮುದ್ದೆ ದೊರೆಯುತ್ತದೆ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು. ಗಂಟೆಗಟ್ಟಲೆ ಕಾದು ಬಸಿದ ಮೊಸರಿಗೆ ಸೌತೆಯ ರಸ ಸುರಿದರೆ ಬಸಿದದ್ದೆಲ್ಲ ವ್ಯರ್ಥವಾಗಿ ಮತ್ತೆ ಮೊಸರುಬಜ್ಜಿಯ ಹದಕ್ಕೆ ಇಳಿಯುತ್ತದೆ. ಆದುದರಿಂದ ಮೊಸರಿನಲ್ಲಿ ಮಾಡುವವರು ಜೆನ್ನಿಯವರ ಕ್ರಮವನ್ನು ತಿರುಗಿಸಿ, ರಸ ಬಿಟ್ಟು ತಿರುಳು ಹಿಡಿಯಬೇಕು. ಗ್ರೀಸ್ ದೇಶದವರು ತಮ್ಮ ಜಾಜಿಕಿ ಎಂಬ ವ್ಯಂಜನದಲ್ಲಿ ಮಾಡುವುದೂ ಇದನ್ನೇ: ಬಸಿದ ಮೊಸರು, ತುರಿದು ಹಿಂಡಿದ ಸೌತೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ.

ಕೆಲಸ ಆರಂಭವಾಗಬೇಕಾದದ್ದು ಹಿಂದಿನ ರಾತ್ರಿ. ಕೆನೆ ತೆಗೆಯದ ಹಾಲಿನ, ಹುಳಿ ಏರದ ಗಟ್ಟಿ ಮೊಸರು ಅರ್ಧ ಲೀಟರ್ ಸಾಕು. ತೊಳೆದು ಒಣಗಿಸಿದ ತೆಳು ಹತ್ತಿಬಟ್ಟೆಯಲ್ಲಿ ಅದನ್ನು ಗಂಟು ಕಟ್ಟಿ, ಜರಡಿಯ ಮೇಲೆ ಇಟ್ಟು, ಕೆಳಗೊಂದು ಪಾತ್ರೆ ಇರಿಸಿ ಫ್ರಿಜ್ಜಿನೊಳಗೆ ಸೇರಿಸುವುದು ಲೇಸು. ಗೋಡೆಯ ಮೊಳೆಗೆ ನೇತುಹಾಕುವ ಹಳೆಯ ಕ್ರಮ ಚಳಿಗಾಲಕ್ಕೆ ಸರಿ. ಕರಾವಳಿಯ ಸೆಕೆಯಲ್ಲಿ ಬೆಳಗಾಗುವಷ್ಟರಲ್ಲಿ ಮೊಸರು ಹುಳಿಯಾಗಿ ಮಕ್ಕಳು ಮುಖ ಕಿವುಚುತ್ತಾರೆ. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಮೊಸರಿನ ತೂಕ ಅರ್ಧಕ್ಕಿಂತಲೂ ಕೆಳಗಿಳಿದು, ಚಮಚ ನೆಟ್ಟರೆ ನಿಲ್ಲುವಂತಿರಬೇಕು. ಬಸಿದ ತಿಳಿನೀರನ್ನು ಚೆಲ್ಲುವ ಅಗತ್ಯವಿಲ್ಲ, ಚಪಾತಿಯ ಹಿಟ್ಟು ಕಲಸಲು ಬರುತ್ತದೆ.

ಸೌತೆಯ ಆಯ್ಕೆಯಲ್ಲಿ ತುಸು ಎಚ್ಚರ ಬೇಕು. ಹುಳಿ, ಸಾಂಬಾರಿಗೆ ಬಳಸುವ, ಅಟ್ಟದಲ್ಲಿ ತೂಗುಹಾಕಿ ತಿಂಗಳುಗಟ್ಟಲೆ ಕಾಪಿಡುವ ಮಂಗಳೂರು ಸೌತೆ ಇದಕ್ಕೆ ಸಲ್ಲದು. ಅದು ಬೇಯಿಸಿ ತಿನ್ನುವ ಕಾಯಿ. ಬೇಕಾದದ್ದು ಎಳೆಯ ಮುಳ್ಳುಸೌತೆ, ಬೀಜ ಬಲಿಯದ್ದು. ಚಪ್ಪರದಲ್ಲಿ ಕಣ್ಣುತಪ್ಪಿ ಬಲಿತುಹೋದ ಕಾಯಿಯಾದರೆ ಉದ್ದಕ್ಕೆ ಸೀಳಿ, ಬೀಜದ ಲೋಳೆಯನ್ನು ಚಮಚದಿಂದ ಕೆರೆದು ತೆಗೆಯಬೇಕು. ತೊಟ್ಟಿನ ಕಡೆಯ ಒಂದಂಗುಲವನ್ನು ಕತ್ತರಿಸಿ, ಉಳಿದುದರ ತುದಿಯನ್ನು ನಾಲಗೆಗೆ ಮುಟ್ಟಿಸಿ ನೋಡುವುದು ಕಡ್ಡಾಯ. ಕಹಿಯ ಅಂಶ ಸೇರಿಕೊಳ್ಳುವುದು ಹೆಚ್ಚಾಗಿ ತೊಟ್ಟಿನ ಬಳಿ ಮತ್ತು ಸಿಪ್ಪೆಯ ಕೆಳಗೆ. ತುದಿಯನ್ನು ಉಜ್ಜಿ ನೊರೆ ಬರಿಸಿದರೆ ಕಹಿಯೆಲ್ಲ ಹೋಗುತ್ತದೆಂಬ ನಂಬಿಕೆ ಮನೆಮನೆಯಲ್ಲೂ ಉಂಟು. ಅದನ್ನೇ ನೆಚ್ಚುವುದಕ್ಕಿಂತ ರುಚಿ ನೋಡುವುದು ಮೇಲು. ಇಡೀ ಕಾಯಿ ಕಡುಕಹಿಯಾಗಿದ್ದರೆ ಯಾವ ಮೋಹವೂ ಇಲ್ಲದೆ ಎಸೆಯಬೇಕು, ಅಂಥದು ಹೊಟ್ಟೆ ಕೆಡಿಸುತ್ತದೆ.

ಸುಮಾರು 200 ಗ್ರಾಂ ತೂಗುವ ಒಂದು ಕಾಯಿಯ ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ, ಅಲ್ಲಲ್ಲಿ ಹಸಿರು ಉಳಿಯುವಂತೆ ಹೆರೆದು ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿಯುವುದು. ಬಣ್ಣದ ಬಾಟಲಿಯ ಕೆಲಸವನ್ನು ಆ ಸಿಪ್ಪೆ ಮಾಡುತ್ತದೆ. ತುರಿಗೆ ಅರ್ಧ ಸಣ್ಣ ಚಮಚ ಉಪ್ಪು ಬೆರಸಿ ಕಾಲು ಗಂಟೆ ಬಿಡಬೇಕು. ಇಡೀ ಪಾಕದ ಜೀವಾಳ ಈ ಕಾಲು ಗಂಟೆ. ಉಪ್ಪು ಸೌತೆಯ ಕೋಶಗಳೊಳಗಿನ ನೀರನ್ನು ಹೊರಗೆಳೆಯುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಆಲೂಗಡ್ಡೆಯ ತುಂಡಿನಿಂದ ತೋರಿಸುವ ಅಭಿಸರಣ ಕ್ರಿಯೆ ಇದೇ. ಆತುರದಲ್ಲಿ ಉಪ್ಪನ್ನು ಕೊನೆಗೆ ಹಾಕಿದರೆ ನೀರು ಹೊರಡದೆ ಇರುವುದಿಲ್ಲ, ಬ್ರೆಡ್ಡಿಗೆ ಸವರಿದ ಮೇಲೆ ಹೊರಡುತ್ತದೆ ಅಷ್ಟೆ. ಹೊತ್ತು ಮುಗಿದ ಮೇಲೆ ತುರಿಯನ್ನು ಬಟ್ಟೆಯಲ್ಲಿ ಸುತ್ತಿ, ಇನ್ನು ಒಂದು ಹನಿಯೂ ಬಾರದು ಎನ್ನುವವರೆಗೆ ಹಿಂಡಬೇಕು. ಬೊಗಸೆ ತುಂಬ ಇದ್ದ ತುರಿ ಮುಷ್ಟಿಯಷ್ಟಾಗುತ್ತದೆ. ಇದನ್ನು ಮಕ್ಕಳ ಕೈಗೆ ಕೊಡಬಹುದು. ಇಷ್ಟು ನೀರು ಎಲ್ಲಿ ಅಡಗಿತ್ತು ಎಂದು ಅವರೇ ಕೇಳುತ್ತಾರೆ.

ಕ್ರೀಮ್ ಚೀಸಿನ ಕೊಬ್ಬಿನ ಕೊರತೆಯನ್ನು ತುಂಬಲು ಬಸಿದ ಮೊಸರಿಗೆ ಎರಡು ದೊಡ್ಡ ಚಮಚ ಬೆಣ್ಣೆ ಸೇರುತ್ತದೆ. ಬೆಣ್ಣೆಯೂ ಮೊಸರೂ ತುಸು ಹೊತ್ತು ಫ್ರಿಜ್ಜಿನ ಹೊರಗಿದ್ದು ಮೆತ್ತಗಾಗಿರಬೇಕು. ತಣ್ಣನೆಯ ಮೊಸರಿಗೆ ಬೆಣ್ಣೆ ಬಿದ್ದರೆ ಹರಳುಗಟ್ಟಿ ಎಷ್ಟು ಕಡೆದರೂ ನುಣುಪಾಗುವುದಿಲ್ಲ. ಎರಡನ್ನೂ ಮರದ ಸೌಟಿನಿಂದ ಚೆನ್ನಾಗಿ ಕಲಸಿ, ಹಿಂಡಿದ ತುರಿ ಸೇರಿಸಿ, ಒಂದು ಸಣ್ಣ ಈರುಳ್ಳಿಯನ್ನು ತುರಿದು ಅದರ ರಸವನ್ನಷ್ಟೇ ಹಿಂಡಿ, ಕಾಳುಮೆಣಸಿನ ಪುಡಿ ಉದುರಿಸಿದರೆ ಸ್ಪ್ರೆಡ್ ಸಿದ್ಧ. ಮಿಕ್ಸಿಗೆ ಹಾಕುವ ಆಸೆ ಬೇಡ, ಮೊಸರು ನೀರೊಡೆಯುತ್ತದೆ. ಉಪ್ಪನ್ನು ರುಚಿ ನೋಡದೆ ಮತ್ತೆ ಹಾಕಬಾರದು. ಹಿಂಡಿದ ತುರಿಯಲ್ಲಿ ಅದು ಆಗಲೇ ಇದೆ. ಕೊತ್ತಂಬರಿಸೊಪ್ಪಿನ ಎರಡೆಳೆ ಸಣ್ಣಗೆ ಹೆಚ್ಚಿ ಹಾಕುವವರನ್ನು ಲೂಯಿವಿಲ್ಲಿನವರು ಒಪ್ಪಲಾರರು, ಬಾಯಿಗೆ ಮಾತ್ರ ಒಪ್ಪುತ್ತದೆ.

ಬ್ರೆಡ್ಡಿನ ಒಳಮೈಗೆ ಮೊದಲು ತೆಳ್ಳಗೆ ಬೆಣ್ಣೆ ಸವರಿ ಆಮೇಲೆ ಇದನ್ನು ಹಚ್ಚುವುದು ಇಂಗ್ಲೆಂಡಿನ ಚಹಾಕೂಟದವರಿಂದ ಬಂದ ಜಾಣತನ. ಬೆಣ್ಣೆಯ ಪದರ ತೇವವನ್ನು ತಡೆಯುತ್ತದೆ. ಅಂಚು ಕತ್ತರಿಸಿ ಉದ್ದುದ್ದ ಪಟ್ಟಿ ಮಾಡಿದರೆ ಸ್ಯಾಂಡ್‌ವಿಚ್. ಉಪ್ಪು ಬಿಸ್ಕತ್ತಿನ ಮೇಲೆ ಒಂದೊಂದು ಚಮಚ ಇಟ್ಟು ಮೇಲೆ ದಾಳಿಂಬೆಯ ಎರಡು ಕಾಳು ಕೂರಿಸಿದರೆ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಊಟಕ್ಕೆ ಮುಂಚಿನ ತಿನಿಸು. ಕ್ಯಾರೆಟ್ಟಿನ ಕಡ್ಡಿಯನ್ನು ಅದ್ದಿ ತಿನ್ನಲೂ ಆಗುತ್ತದೆ. ಸುಟ್ಟ ಹಪ್ಪಳದೊಂದಿಗೆ ಇನ್ನೂ ಸೊಗಸು.

ಬೆಳಿಗ್ಗೆ ಮಾಡಿ ಶಾಲೆಯ ಬುತ್ತಿಗೆ ಹಾಕಬಹುದೇ ಎಂಬುದು ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ. ಹಾಕದಿರುವುದೇ ಒಳ್ಳೆಯದು. ಇಂಥ ಹಾಲಿನ ಪದಾರ್ಥಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂದೂ ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆಯೆಂದೂ ಅಮೆರಿಕದ ಕೃಷಿ ಇಲಾಖೆ ಎಚ್ಚರಿಸುತ್ತದೆ. ಎಂಟೂವರೆಗೆ ಕಟ್ಟಿದ ಡಬ್ಬಿ ಒಂದು ಗಂಟೆಯವರೆಗೆ ಮುಚ್ಚಿದ ಚೀಲದೊಳಗೆ ಬೇಯುತ್ತಿರುತ್ತದೆ. ಮೊಸರನ್ನ ಕಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊಸರಿನ ಹುಳಿ ಒಂದು ಮಟ್ಟಿಗೆ ಕಾಯುತ್ತದೆ, ನಿಜ. ಆದರೆ ಇದರಲ್ಲಿ ಕೈಯಿಂದ ಹಿಂಡಿದ ಹಸಿ ತರಕಾರಿ ಸೇರಿದೆ. ಬುತ್ತಿಗೆ ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿದ ಬ್ರೆಡ್ಡು ಹೋಗಲಿ, ಸೌತೆಯ ಸ್ಪ್ರೆಡ್ ಸಂಜೆಗೆ ಫ್ರಿಜ್ಜಿನಲ್ಲಿ ಕಾದಿರಲಿ. ಮುಚ್ಚಿಟ್ಟರೆ ಮರುದಿನಕ್ಕೂ ಕೆಡುವುದಿಲ್ಲ. ಮೇಲೆ ತುಸು ನೀರು ನಿಂತಿದ್ದರೆ ಬಗ್ಗಿಸಿ ತೆಗೆದು ಮತ್ತೊಮ್ಮೆ ಕಲಸಿದರಾಯಿತು.

ಇನ್ನು ಬಟ್ಟೆಯಿಂದ ಹಿಂಡಿದ ಆ ರಸ. ಜೆನ್ನಿಯವರು ಚಮಚದಲ್ಲಿ ಅಳೆದು ಬಳಸಿದ ಪರಿಮಳವೆಲ್ಲ ಇರುವುದು ಅದರಲ್ಲಿ, ಚೆಲ್ಲುವುದು ಅನ್ಯಾಯ. ಮಜ್ಜಿಗೆಗೆ ಬೆರಸಿ ಶುಂಠಿ ಜಜ್ಜಿ ಹಾಕಿದರೆ ಶಾಲೆಯಿಂದ ಬಂದವರಿಗೆ ಬ್ರೆಡ್ಡಿನ ಜೊತೆ ಕುಡಿಯಲಾಯಿತು. ಅಕ್ಕಿ ನೆನೆಹಾಕಿದ್ದರೆ ಅರೆಯುವಾಗ ನೀರಿಗೆ ಬದಲು ಇದನ್ನೇ ಸೇರಿಸಿ, ಹಿಟ್ಟಿಗೆ ಹಾಕುವ ಉಪ್ಪನ್ನು ಅಷ್ಟು ಕಡಿಮೆ ಮಾಡಿದರೆ ಮರುದಿನ ಬೆಳಗಿನ ತೆಳ್ಳವಿಗೆ ಸೌತೆಯ ಘಮ ಬರುತ್ತದೆ.